ಹ್ಯಾಂಬರ್ಗ್ ಮುಟ್ಟಿದ ಕ್ಷಮಾವಾಣಿ

ನಾನು ನಿವೃತ್ತಳಾದ ಮೇಲೆ ನನ್ನ ಕುರ್ಚಿಗೆ ಇಬ್ಬರು ಹುಡುಗಿಯರು ಬಂದಿದ್ದಾರೆ. ಇಬ್ಬರ ಇಂಗ್ಲಿಷೂ ನನ್ನದಕ್ಕಿಂತ ಚೆನ್ನಾಗಿದೆ. ಬೆರಳುಗಳಂತೂ ಬಲು ಚುರುಕು. ಹೋದ ತಿಂಗಳು ಕೊಲ್ಹಾಪುರದ ನಮ್ಮ ಮನೆ ಹುಡುಕಿಕೊಂಡು ಬಂದು, ಯಾವ ದೇಶದ ಗಿರಾಕಿಯ ಜೊತೆ ಹೇಗೆ ಮಾತಾಡಬೇಕು ಎಂಬುದನ್ನೆಲ್ಲ ಬರೆದುಕೊಡಿ ಎಂದು ಕೇಳಿದರು. ಒಂದು ಹಾಳೆಯಲ್ಲಿ ಮುಗಿಯುವ ವಿಷಯ ಎಂದುಕೊಂಡಿದ್ದರೇನೋ. ಅಂಥ ಹಾಳೆ ಎಲ್ಲಾದರೂ ಸಿಗುವಂತಿದ್ದರೆ ಮೊದಲು ನಾನೇ ಕೊಂಡುಕೊಳ್ಳುತ್ತಿದ್ದೆ. ಸಿಗುವುದಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಬೇಕಾದ್ದನ್ನು ನೀವೇ ಆರಿಸಿಕೊಳ್ಳಿ, ಹುಡುಗಿಯರೇ.

ಇಚಲಕರಂಜಿಯಲ್ಲಿ ಬಟ್ಟೆ ರಫ್ತು ಮಾಡುವ ಒಂದು ಪೇಢಿಯಲ್ಲಿ ನನ್ನ ಕೆಲಸ. ವ್ಯಾಪಾರದ ಮನೆಗೆ ಇಲ್ಲಿ ಪೇಢಿ ಎನ್ನುತ್ತಾರೆ. ಗಡಹಿಂಗ್ಲಜದಲ್ಲಿ ಹುಟ್ಟಿ, ಮದುವೆಯಾಗಿ ಕೊಲ್ಹಾಪುರಕ್ಕೆ ಬಂದವಳು ನಾನು. ಟೈಪಿಂಗ್ ಕಲಿತಿದ್ದೆ ಎಂಬ ಒಂದೇ ಕಾರಣಕ್ಕೆ ಕೆಲಸ ಸಿಕ್ಕಿತು. ದಿನಾ ಹಾತಕಣಂಗಲೆ ಮಾರ್ಗದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನಮ್ಮ ಧಣಿ ಅಣ್ಣಾಸಾಹೇಬರು ನಾಂದಣಿ ಕಡೆಯ ಜೈನ ಮನೆತನದವರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಸಿಟ್ಟು ಬಂದಾಗ ಮೌನ. ಕಂಪ್ಯೂಟರು ಬಂದ ಹೊಸದರಲ್ಲಿ ಪ್ರತಿಯೊಂದು ಈಮೇಲನ್ನೂ ನಾನು ಅಚ್ಚು ಹಾಕಿ ಅವರ ಮುಂದಿಡಬೇಕಿತ್ತು. ಅವರು ಕನ್ನಡದಲ್ಲಿ ಉತ್ತರ ಹೇಳುವರು, ನಾನು ಇಂಗ್ಲಿಷಿಗೆ ತಿರುಗಿಸಿ ಕಳಿಸುವೆ. ಬಂದ ಪತ್ರಕ್ಕೆ ಅಂದೇ ಉತ್ತರ ಹೋಗಬೇಕು, ಅದೂ ಹೊತ್ತು ಮುಳುಗುವುದರೊಳಗೆ. ಏಕೆಂದರೆ ಸೂರ್ಯ ಮುಳುಗಿದ ಮೇಲೆ ಅವರು ಉಣ್ಣುವುದಿಲ್ಲ. ನಾಲ್ಕೂವರೆ ಐದಕ್ಕೆಲ್ಲ ಮನೆಯ ಕಡೆ ಹೊರಟುಬಿಡುತ್ತಿದ್ದರು. ಜರ್ಮನಿಯ ಹ್ಯಾಂಬರ್ಗಿನ ನಮ್ಮ ಗಿರಾಕಿಗಳು ಕಚೇರಿಗೆ ಬಂದು ಕಾಫಿ ಕುಡಿದು ಕೂರುವ ವೇಳೆಗೆ ನಮ್ಮಲ್ಲಿ ಮಧ್ಯಾಹ್ನ ಆಗಿರುತ್ತದೆ. ಹೀಗಾಗಿ ನನ್ನ ನೌಕರಿಯ ಅರ್ಧ ಆಯುಷ್ಯ ಆ ಮೂರು ತಾಸಿನ ಗಡಿಬಿಡಿಯಲ್ಲೇ ಕಳೆಯಿತು.

ಇಂಟರ್ನೆಟ್ ಎಲ್ಲ ಕಡೆಗೂ ಒಂದೇ ಎಂದು ನಾನೂ ತಿಳಿದಿದ್ದೆ. ನಲ್ಲಿ ತಿರುಗಿಸಿದರೆ ನೀರು ಬಂದಂತೆ ಎಲ್ಲರ ಮನೆಗೂ ಬರುತ್ತದೆ ಎಂದು. ಆ ಭ್ರಮೆಯನ್ನು ಬಿಡಿಸಿದವನು ಮೊಂಬಾಸಾದ ಒಬ್ಬ ವ್ಯಾಪಾರಿ. ಸೊಂಟಕ್ಕೆ ಸುತ್ತುವ ಬಣ್ಣದ ಬಟ್ಟೆಯನ್ನು ನಮ್ಮಿಂದ ತರಿಸುತ್ತಿದ್ದ. ಈಮೇಲ್ ವಿಳಾಸ ಕೊಟ್ಟಿದ್ದನೇ ಹೊರತು ಅದನ್ನು ಎಂದೂ ತೆರೆದವನಲ್ಲ. ವ್ಯವಹಾರವೆಲ್ಲ ಫೋನಿನಲ್ಲಿ, ಮಾತಾಡಿ ಕಳಿಸುವ ಧ್ವನಿ ಮೆಸೇಜಿನಲ್ಲಿ. ಹೊಸ ನಮೂನೆಗಳು ಬಂದಾಗ ನಾನು ಉತ್ಸಾಹದಿಂದ ದೊಡ್ಡ ದೊಡ್ಡ ಫೋಟೋಗಳ ರಾಶಿಯನ್ನೇ ಅವನಿಗೆ ಕಳಿಸಿದೆ. ಮಧ್ಯಾಹ್ನ ಅವನ ಮೆಸೇಜು ಬಂತು. ಮೊದಲು ನನ್ನ ಆರೋಗ್ಯ ವಿಚಾರಿಸಿದ, ಆಮೇಲೆ ಮಕ್ಕಳದ್ದು, ಆಮೇಲೆ ನಮ್ಮ ಕಡೆಯ ಮಳೆಯದ್ದು. ಕೊನೆಗೆ ಬಹಳ ಮರ್ಯಾದೆಯಿಂದ ಬೈದ. ಆ ಊರಿನ ಬಹಳ ಜನ ನೆಟ್ಟನ್ನು ದಿನಕ್ಕಿಷ್ಟು ಎಂದು ಬೆಳಗ್ಗೆ ಸಣ್ಣ ಪೊಟ್ಟಣದ ಲೆಕ್ಕದಲ್ಲಿ ಕೊಳ್ಳುತ್ತಾರಂತೆ. ನನ್ನ ಫೋಟೋಗಳು ಅವನ ಅಂದಿನ ಪೊಟ್ಟಣವನ್ನು ಅಂಗಡಿಯ ಬಾಗಿಲು ತೆಗೆಯುವುದರೊಳಗೇ ನುಂಗಿ ಹಾಕಿದ್ದವು. ಅಂದಿನಿಂದ ಫೋಟೋ ಕುಗ್ಗಿಸಿ, ಒಂದೊಂದಾಗಿ, ಕೇಳಿದರೆ ಮಾತ್ರ ಕಳಿಸುವುದನ್ನು ಕಲಿತೆ.

ಒಸಾಕಾದವರದು ಬೇರೆ ರೀತಿ. ಅವರ ಪ್ರತಿ ಈಮೇಲೂ 'ಸದಾ ತಮ್ಮ ಕೃಪೆಯಲ್ಲಿರುವ ನಾವು' ಎಂಬಂಥ ಸಾಲಿನಿಂದ ಶುರುವಾಗುತ್ತಿತ್ತು. ಒಮ್ಮೆ ಅವಸರದಲ್ಲಿ ನಾನು ವಂದನೆಯೂ ಇಲ್ಲದೆ 'ಬಣ್ಣ ಖಾತ್ರಿ ಮಾಡಿ' ಎಂದು ಒಂದೇ ಸಾಲು ಕಳಿಸಿದೆ. ಕೆಲವು ದಿನ ಸುದ್ದಿಯೇ ಇಲ್ಲ. ಆಮೇಲೆ ಬಂದ ಪತ್ರದಲ್ಲಿ ಬಣ್ಣದ ಮಾತು ಕೊನೆಯಲ್ಲಿತ್ತು. ತಮ್ಮಿಂದ ನಮ್ಮ ಮನಸ್ಸಿಗೆ ಏನಾದರೂ ನೋವಾಗಿದೆಯೇ ಎಂಬುದು ಮೊದಲಿತ್ತು. ಅಲ್ಲಿಂದ ಮುಂದೆ ನಾನು ಅವರ ಪತ್ರಗಳ ಪದ್ಧತಿಯಂತೆ ಹವೆಯ ಬಗ್ಗೆ ಎರಡು ಸಾಲು ಬರೆಯದೆ ಅವರಿಗೆ ಒಂದು ಅಕ್ಷರವೂ ಕಳಿಸಿದ್ದಿಲ್ಲ. ಅದನ್ನು ಓದಿದ ಅಣ್ಣಾಸಾಹೇಬರು, "ಹವಾಮಾನ ಖಾತೆಗೆ ಬರದಂಗ ಐತಲ್ರಿ ಬಾಯಿ" ಎಂದು ನಕ್ಕಿದ್ದರು. ಮರಾಠಿ ರೂಢಿಯಂತೆ ಅವರು ನನ್ನನ್ನು ಬಾಯಿ, ಅಂದರೆ ಅಮ್ಮಾ, ಎಂದೇ ಕರೆಯುತ್ತಿದ್ದರು.

ದೊಡ್ಡ ಎಡವಟ್ಟು ಒಂದು ದೀಪಾವಳಿಗೆ ಆಯಿತು. ಎಲ್ಲ ಗಿರಾಕಿಗಳ ನಂಬರು ಸೇರಿಸಿ ಫೋನಿನಲ್ಲಿ ಒಂದು ಗುಂಪು ಕಟ್ಟಿದೆವು, ಎಲ್ಲರಿಗೂ ಒಟ್ಟಿಗೆ ಶುಭಾಶಯ ಹೇಳಬಹುದೆಂದು. ಸಾವ್ ಪಾವ್ಲೋದವನು ಹೂವಿನ ಚಿತ್ರ, ಹಾಡು, ತನ್ನ ಮನೆಯ ನಾಯಿಯ ವಿಡಿಯೋ ಎಲ್ಲ ಕಳಿಸಿದ. ನೆರೆದೇಶದ ನಾರಾಯಣಗಂಜಿನವನು ದಿನವೂ ಫೋನಿನ ಮುಂದೆ ನಿಂತು ನೇರ ಪ್ರಸಾರದಲ್ಲಿ ಬಟ್ಟೆ ಮಾರುವವನು. ಅವನಿಗೆ ನಮ್ಮ ಗುಂಪು ಕಂಡದ್ದು ಸಂತೆಯಂತೆ. ಅರ್ಧ ತಾಸಿನಲ್ಲಿ ನಮ್ಮ ಗಿರಾಕಿಗಳಿಗೇ ತನ್ನ ಮಾಲು ತೋರಿಸಲು ಶುರು ಮಾಡಿದ. ಹ್ಯಾಂಬರ್ಗಿನ ಗಿರಾಕಿ ಒಂದು ಮಾತೂ ಆಡದೆ ಗುಂಪು ಬಿಟ್ಟು ಹೋದ. ಮರುದಿನ ಈಮೇಲ್ ಬಂತು: ನನ್ನ ನಂಬರನ್ನು ಗುರುತಿಲ್ಲದ ಇಷ್ಟು ಜನರಿಗೆ ಕೊಡುವ ಮೊದಲು ನನ್ನನ್ನು ಕೇಳಿದಿರಾ? ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಅಂದಿನಿಂದ ಹ್ಯಾಂಬರ್ಗಿಗೆ ಈಮೇಲ್ ಮಾತ್ರ, ಅವರ ಕಚೇರಿಯ ವೇಳೆಯಲ್ಲಿ ಮಾತ್ರ. ಶುಕ್ರವಾರ ಮಧ್ಯಾಹ್ನ ದಾಟಿದರೆ ಸೋಮವಾರದ ತನಕ ಅವರ ಪಾಲಿಗೆ ನಾವು ಇಲ್ಲ.

ಹಾಗಂತ ದೇಶಕ್ಕೊಂದು ಹಣೆಪಟ್ಟಿ ಅಂಟಿಸಿ ಕೂರಬೇಡಿ. ಅದೇ ಜರ್ಮನಿಯ ಇನ್ನೊಂದು ಊರಿನ ಮುದುಕ ಭಾನುವಾರ ಬೆಳಗ್ಗೆ ನನಗೆ ಬೆಕ್ಕಿನ ಫೋಟೋ ಕಳಿಸುತ್ತಿದ್ದ. ಮನುಷ್ಯನನ್ನು ನೋಡಿ, ಆಮೇಲೆ ಅವನ ಊರನ್ನು ನೋಡಿ. ಇಷ್ಟು ಬುದ್ಧಿ ಬಂದಿತ್ತು ಎಂದು ನಾನು ನಿಶ್ಚಿಂತಳಾಗಿದ್ದಾಗಲೇ ಮಹಾದೇವನ ಪ್ರಕರಣ ನಡೆದದ್ದು.

ಮಹಾದೇವ ನಾಲ್ಕು ಯಂತ್ರಮಗ್ಗದ ಸಣ್ಣ ನೇಕಾರ. ಅವನ ಅಜ್ಜ ಬನಹಟ್ಟಿ ಕಡೆಯಿಂದ ಬಂದು ಇಲ್ಲಿ ನೆಲೆಸಿದವನು. ತಗಡಿನ ಶೆಡ್ಡಿನಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದರು. ಊರ ಪೇಟೆಯ ಬಟ್ಟೆ ಬಿಟ್ಟರೆ ಹೊರದೇಶದ ಮಾಲು ನೇಯ್ದವನಲ್ಲ. ಅವನ ಕೈ ನೋಡಿ, ಮೇಜಿನ ಮೇಲೆ ಹಾಸುವ ಚೌಕಳಿ ಬಟ್ಟೆಯ ಹ್ಯಾಂಬರ್ಗ್ ಆರ್ಡರನ್ನು ಅವನಿಗೇ ಕೊಡಿ ಎಂದು ಅಣ್ಣಾಸಾಹೇಬರಿಗೆ ದುಂಬಾಲು ಬಿದ್ದವಳು ನಾನು. ಅವನು ಬೇರೆಲ್ಲ ಕೆಲಸ ಬಿಟ್ಟು ನೇಯ್ದು ಕೊಟ್ಟ. ಮಾಲು ಹಡಗು ಹತ್ತಿತು. ಮೊದಲನೆಯ ಪರದೇಶದ ಮಾಲು ತಿರುಗಿ ಬಂದರೆ ಇಚಲಕರಂಜಿಯಂಥ ಊರಿನಲ್ಲಿ ಸುದ್ದಿ ಸಂಜೆಯೊಳಗೆ ಹಬ್ಬುತ್ತದೆ. ಆಮೇಲೆ ಅಂಥವನಿಗೆ ನೂಲು ಕೊಡುವವರು ಸಿಗುವುದಿಲ್ಲ.

ಮಾಲು ಸಮುದ್ರದಲ್ಲಿದ್ದಾಗ ಹತ್ತು ದಿನದ ವ್ರತವಾದ ದಶಲಕ್ಷಣ ಪರ್ವ ಮುಗಿದು ಕ್ಷಮಾವಾಣಿಯ ದಿನ ಬಂತು. ಜೈನರಲ್ಲಿ ಅಂದು ಎಲ್ಲರೂ ಎಲ್ಲರ ಕ್ಷಮೆ ಕೇಳುತ್ತಾರೆ. ಇಂಥದೇ ತಪ್ಪು ಎಂದಲ್ಲ. ತಿಳಿದೋ ತಿಳಿಯದೆಯೋ, ಮನಸ್ಸಿನಿಂದ, ಮಾತಿನಿಂದ, ಕೃತಿಯಿಂದ ನೋವಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ ಎನ್ನುವುದು. ಪ್ರತಿ ವರ್ಷ ಅಣ್ಣಾಸಾಹೇಬರು ಊರಲ್ಲಿ ಗುರುತಿನವರಿಗೆಲ್ಲ ಫೋನ್ ಮಾಡಿ ಕೇಳುತ್ತಿದ್ದರು. ಆ ವರ್ಷ ಅವರಿಗೆ ಹೊಳೆಯಿತು, ಹೊರದೇಶದ ಗಿರಾಕಿಗಳೂ ನಮ್ಮ ಸಂಬಂಧದವರೇ ಅಲ್ಲವೇ ಎಂದು. ಅವರು ಕನ್ನಡದಲ್ಲಿ ಹೇಳಿದರು, ನಾನು ಇಂಗ್ಲಿಷಿನಲ್ಲಿ ಚಂದ ಮಾಡಿ ಬರೆದೆ, ಪೇಢಿಯ ಹೆಸರಿನಲ್ಲಿ ಎಲ್ಲರಿಗೂ ಬೇರೆ ಬೇರೆ ಈಮೇಲ್ ಹೋಯಿತು. ಗುಂಪು ಮಾತ್ರ ಕಟ್ಟಲಿಲ್ಲ!

ಒಂದೇ ಮಾತು, ಊರಿಗೊಂದು ಉತ್ತರ. ಈಮೇಲ್ ತೆರೆಯದ ಮೊಂಬಾಸಾದವನಿಗೆ ಅದನ್ನೇ ಮಾತಾಡಿ ಕಳಿಸಿದ್ದೆ. ಅವನು ತಾನೂ ನಮ್ಮ ಬಗ್ಗೆ ಒಮ್ಮೆ ಕೆಟ್ಟದಾಗಿ ಮಾತಾಡಿದ್ದುಂಟು, ಅದನ್ನು ಮರೆತುಬಿಡಿ ಎಂದ. ಒಸಾಕಾದವರು ನಮಗಿಂತ ಉದ್ದದ ಕ್ಷಮಾಪಣೆ ಬರೆದರು. ಸಾವ್ ಪಾವ್ಲೋದಿಂದ ಹೃದಯದ ಚಿತ್ರಗಳು ಬಂದವು. ನಾರಾಯಣಗಂಜಿನವನು ಗಾಬರಿಯಿಂದ ವಿಡಿಯೋ ಕರೆ ಮಾಡಿ, ಅಂಗಡಿ ಮುಚ್ಚುತ್ತಿದ್ದೀರಾ ಎಂದು ಕೇಳಿದ. ನಾವು ದಿನವಿಡೀ ನಕ್ಕಿದ್ದೇ ನಕ್ಕಿದ್ದು.

ಹ್ಯಾಂಬರ್ಗಿನಿಂದ ಉತ್ತರ ಬರುವುದು ತಡವಾಯಿತು. ಬಂದದ್ದು ಗಿರಾಕಿಯಿಂದಲ್ಲ, ಅವನ ಕಚೇರಿಯ ಗುಣಮಟ್ಟ ವಿಭಾಗದ ಮುಖ್ಯಸ್ಥೆ ಬ್ರಿಗಿಟೆ ಎಂಬವಳಿಂದ. ನೀವು ಮಾಡಿರುವ ಹಾನಿ ಯಾವುದು? ಯಾವ ಮಾಲಿಗೆ ಸಂಬಂಧಿಸಿದ್ದು? ಮನಸ್ಸಿನಿಂದ ಮಾಡಿದ್ದು ಎಂದರೆ ಉದ್ದೇಶಪೂರ್ವಕ ಎಂದು ತಿಳಿಯಬೇಕೇ? ಉತ್ತರ ಬರುವ ತನಕ ಬಂದರಿಗೆ ಬಂದಿರುವ ನಿಮ್ಮ ಮಾಲನ್ನು ಗೋದಾಮಿನಲ್ಲಿ ಬಿಚ್ಚದೆ ಇಡಲಾಗಿದೆ. ನಮ್ಮ ಧರ್ಮದ ಮಾತು ಅವರ ಮೇಜಿನ ಮೇಲೆ ತಪ್ಪೊಪ್ಪಿಗೆಯಾಗಿ ಕೂತಿತ್ತು.

ಪದ್ಧತಿಯನ್ನು ವಿವರಿಸಿ ನಾನು ಉದ್ದ ಪತ್ರ ಬರೆದೆ. ಮರುದಿನವೇ ಉತ್ತರ ಬಂತು. ವಿವರಣೆಗೆ ಧನ್ಯವಾದ. ಹಾಗಿದ್ದರೆ ಆ ಸಂದೇಶವನ್ನು ತಪ್ಪಿ ಕಳಿಸಲಾಗಿದೆ, ಅದನ್ನು ಹಿಂದಕ್ಕೆ ಪಡೆಯುತ್ತೇವೆ ಎಂದು ಧಣಿಗಳ ಸಹಿ ಹಾಕಿ ಕಳಿಸಿ, ಕಡತ ಮುಚ್ಚುತ್ತೇವೆ. ನನಗೆ ಹಾಯೆನಿಸಿತು. ಎರಡು ಸಾಲು ಟೈಪ್ ಮಾಡಿ ಸಹಿಗೆ ಒಯ್ದೆ. ಅಣ್ಣಾಸಾಹೇಬರು ಓದಿದರು, ಕನ್ನಡಕ ತೆಗೆದಿಟ್ಟರು.

"ಇದಕ್ಕ ಸಹಿ ಮಾಡಾಕ ಆಗಂಗಿಲ್ಲ ಬಾಯಿ. ತಪ್ಪಿ ಚುಕೂನ ಕ್ಷಮಾ ಕೇಳ್ದೆ ಅಂತ ಬರದ್ ಕೊಟ್ಟ ಮ್ಯಾಲ, ಬರೂ ವರ್ಷ ಯಾವ ಬಾಯಿಲೆ ಕೇಳ್ಲಿ?"

"ಮತ್ತ ಮಹಾದೇವನ ಗತಿ ಏನ್ರಿ?" ಎಂದೆ. ಅವರು ಮಾತಾಡಲಿಲ್ಲ. ಸಿಟ್ಟು ಬಂದಿತ್ತು ಎಂದು ನಿಮಗೆ ಗೊತ್ತಾಗಿರಬೇಕು. ನನಗೂ ಬಂದಿತ್ತು. ಇವರ ಮೇಲೂ, ಆ ಬ್ರಿಗಿಟೆಯ ಮೇಲೂ. ಇಬ್ಬರೂ ತಮ್ಮ ತಮ್ಮ ಜಾಗದಲ್ಲಿ ಸರಿ ಇದ್ದರು, ನಡುವೆ ಒಬ್ಬ ನೇಕಾರ ಅರೆಯಲ್ಪಡುತ್ತಿದ್ದ.

ಅವನಿಗೆ ಹೇಗೋ ಸುದ್ದಿ ಮುಟ್ಟಿತ್ತು. ದಿನವೂ ಮಧ್ಯಾಹ್ನ ಪೇಢಿಯ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದ. ಒಳಗೆ ಬರುತ್ತಿರಲಿಲ್ಲ, ಏನೂ ಕೇಳುತ್ತಿರಲಿಲ್ಲ. ನಾನು ಹೊರಗೆ ಬಂದು ತಲೆ ಅಲ್ಲಾಡಿಸಿದರೆ ಎದ್ದು ಹೋಗುತ್ತಿದ್ದ. ಅವನನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ಮಾಲು ಅಂಗಡಿ ಸೇರುವ ತನಕ ನಾನು ಇದನ್ನು ಬಿಡುವುದಿಲ್ಲ ಎಂದು ನಿರ್ಧರಿಸಿದೆ. ಗಿರಾಕಿಗೆ ಫೋನ್ ಮಾಡಿ ಗೋಗರೆಯುವುದು ಸುಲಭವಿತ್ತು. ಊರ ಪೇಟೆಯಲ್ಲಾದರೆ ಅದೇ ಮಾಡುತ್ತಿದ್ದೆ. ಆದರೆ ಆ ಜನರ ನಡುವೆ ಒಬ್ಬರ ತಲೆ ದಾಟಿ ಇನ್ನೊಬ್ಬರನ್ನು ಹಿಡಿದರೆ ಕೆಲಸ ಕೆಡುತ್ತದೆ ಎಂದು ಇಷ್ಟು ವರ್ಷದಲ್ಲಿ ಕಲಿತಿದ್ದೆ. ಬ್ರಿಗಿಟೆಗೇ ಬರೆದೆ. ಸಂದೇಶವನ್ನು ನಾವು ಹಿಂದಕ್ಕೆ ಪಡೆಯುವುದಿಲ್ಲ, ಅದು ನಮಗೆ ಸತ್ಯ. ಬದಲಿಗೆ ಬಟ್ಟೆ ನೇಯ್ದವನನ್ನೇ ನಿಮ್ಮ ಮುಂದೆ ಕೂರಿಸುತ್ತೇವೆ, ಏನು ಬೇಕಾದರೂ ಕೇಳಿ. ಎರಡು ದಿನ ಉತ್ತರವಿಲ್ಲ. ಮತ್ತೆ ಬರೆದೆ. ಆಗ ಒಪ್ಪಿಗೆ ಬಂತು: ಗುರುವಾರ, ಅವರ ಬೆಳಗಿನ ಒಂಬತ್ತಕ್ಕೆ, ಅರ್ಧ ಗಂಟೆ, ಮಾತಾಡುವ ವಿಷಯಗಳನ್ನು ಮೊದಲೇ ಬರೆದು ಕಳಿಸಬೇಕು. ಕಳಿಸಿದೆ.

ಗುರುವಾರ ಮಹಾದೇವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಅವನು, ಅಣ್ಣಾಸಾಹೇಬರು, ನಾನು ಮೂವರೂ ಕಂಪ್ಯೂಟರಿನ ಮುಂದೆ ಕೂತೆವು. ಬ್ರಿಗಿಟೆ ಹೇಳಿದ ಗಳಿಗೆಗೆ ಸರಿಯಾಗಿ ಕಾಣಿಸಿಕೊಂಡಳು. ನನ್ನದೇ ವಯಸ್ಸು, ಕತ್ತರಿಸಿದ ಬಿಳಿ ಕೂದಲು. ನೂಲಿನ ಬಗ್ಗೆ, ಬಣ್ಣದ ಬಗ್ಗೆ ಕೇಳಿದಳು, ಮಹಾದೇವ ಹೇಳಿದ, ನಾನು ಇಂಗ್ಲಿಷ್ ಮಾಡಿದೆ. ಎಲ್ಲ ಸುಸೂತ್ರ. ಕೊನೆಗೆ ಅವಳು ಪೆನ್ನು ಕೆಳಗಿಟ್ಟು ಒಂದು ಮಾತು ಕೇಳಿದಳು. ಈ ಬಟ್ಟೆಯಲ್ಲಿ ನಿನಗೆ ಗೊತ್ತಿದ್ದು ನಮಗೆ ಗೊತ್ತಿಲ್ಲದ್ದು ಏನಾದರೂ ಇದೆಯೇ?

ನಾನು ಕನ್ನಡದಲ್ಲಿ ಕೇಳಿದೆ. ಮಹಾದೇವ ಅಣ್ಣಾಸಾಹೇಬರ ಮುಖ ನೋಡಿದ, ನನ್ನ ಮುಖ ನೋಡಿದ.

"ಒಂದ್ ಐತ್ರಿ ಅಕ್ಕಾರ. ಒಂದ್ ರೋಲಿನ್ಯಾಗ ನಡುವ ಲೈಟ್ ಹೋಗಿ ಮಗ್ಗ ನಿಂತಿತ್ರಿ. ತಿರುಗಿ ಚಾಲೂ ಮಾಡಿದಾಗ ಸಣ್ಣ ಪಟ್ಟಿ ಬಿದ್ದೈತಿ. ಅಲ್ಲೇ ಕತ್ತರಸಬೇಕಿತ್ತು. ಕತ್ತರಿಸಿದ್ರ ರೋಲ್ ಗಿಡ್ಡ ಆಗತಿತ್ತು, ಹಂಗ ಬಿಟ್ಟೇನಿ. ಅಂಚಿಗೆ ಕೆಂಪು ದಾರ ಕಟ್ಟೇನ್ರಿ, ಗುರ್ತಿಗೆ."

ನಡೆಯುವ ಮಗ್ಗ ನಿಂತು ಮತ್ತೆ ಶುರುವಾದರೆ ಅಷ್ಟು ಕಡೆ ಎಳೆಗಳು ಒತ್ತಾಗಿಯೋ ವಿರಳವಾಗಿಯೋ ಕೂತು ಬಟ್ಟೆಗೆ ಅಡ್ಡ ಗೆರೆ ಮೂಡುತ್ತದೆ. ಅದಕ್ಕೇ ಪಟ್ಟಿ ಎನ್ನುವುದು. ನಮ್ಮ ತಪಾಸಣೆಯವರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಪರದೆಯ ಆಚೆ ಆ ಹೆಂಗಸು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಮ್ಮ ಮೂವರ ಕನ್ನಡ ಅವಳಿಗೆ ತಿಳಿಯುವಂತಿರಲಿಲ್ಲ. 'ಏನೂ ಇಲ್ಲ ಎನ್ನುತ್ತಿದ್ದಾನೆ' ಎಂದು ನಾನು ಹೇಳಿದ್ದರೆ ಅದೇ ದಾಖಲಾಗುತ್ತಿತ್ತು. ಮಾಲು ಬಹುಶಃ ಅಂದೇ ಬಿಡುಗಡೆಯಾಗುತ್ತಿತ್ತು. ಈಗ ನಿಮ್ಮ ಕೈಯಲ್ಲಿ ತಾನೇ ಅನುವಾದ ಮಾಡುವ ಯಂತ್ರವಿದೆ. ಅದಕ್ಕೆ ಇಂಥ ಕಷ್ಟ ಬರುವುದಿಲ್ಲ. ನನಗೆ ಬಂತು. ಮಹಾದೇವನ ಹೆಂಡತಿ ನೆನಪಾದಳು, ಕಟ್ಟೆಯ ಮೇಲೆ ಅವನು ಕೂರುತ್ತಿದ್ದ ರೀತಿ ನೆನಪಾಯಿತು.

ಅಣ್ಣಾಸಾಹೇಬರು ನನ್ನ ಕಡೆ ತಿರುಗದೆಯೇ ಮರಾಠಿಯಲ್ಲಿ, "ಜಸಂ ಮ್ಹಣಾಲಾ ತಸಂಚ ಸಾಂಗಾ, ಬಾಯಿ" ಎಂದರು. ಅವನು ಹೇಳಿದ ಹಾಗೆಯೇ ಹೇಳಿ ಎಂದು.

ಹೇಳಿದೆ. ಕೆಂಪು ದಾರವನ್ನೂ ಬಿಡಲಿಲ್ಲ. ಬ್ರಿಗಿಟೆ ಪೆನ್ನು ಎತ್ತಿಕೊಂಡು ಬರೆದುಕೊಂಡಳು. ಮುಖದಲ್ಲಿ ಏನೂ ಕಾಣಲಿಲ್ಲ. ಇದು ಕಡತದಲ್ಲಿ ನಾನು ಬರೆಯಬಹುದಾದ ಉತ್ತರ ಎಂದಳು, ವಂದಿಸಿ ಹೋದಳು. ಮಹಾದೇವ ಎದ್ದು ನಿಂತಾಗ ಅವನ ಅಂಗಿಯ ಬೆನ್ನು ಪೂರ್ತಿ ತೊಯ್ದಿತ್ತು.

ಶುಕ್ರವಾರ ಅವರ ಕಚೇರಿ ಮುಚ್ಚುವ ಮೊದಲು ಈಮೇಲ್ ಬಂತು. ಕೆಂಪು ದಾರದ ರೋಲು ಸಿಕ್ಕಿದೆ, ದೋಷ ಹೇಳಿದಷ್ಟೇ ಇದೆ, ಅದನ್ನು ಬೇರೆ ಇಟ್ಟಿದ್ದೇವೆ. ಉಳಿದವನ್ನು ಪರೀಕ್ಷಿಸಿದ್ದೇವೆ, ಚೆನ್ನಾಗಿವೆ, ಮಾಲು ಅಂಗಡಿಗಳಿಗೆ ಹೋಗುತ್ತಿದೆ. ಸಂದೇಶವನ್ನು ಹಿಂದಕ್ಕೆ ಪಡೆಯುವ ಅಗತ್ಯವಿಲ್ಲ. ಮುಂದಿನ ಆರ್ಡರನ್ನೂ ಅದೇ ನೇಕಾರನಿಂದ ನೇಯಿಸಲು ಸಾಧ್ಯವೇ ಎಂದು ಕೊನೆಯ ಸಾಲಿನಲ್ಲಿ ಕೇಳಿದ್ದಳು. ನಾನು ಅಳುವವಳಲ್ಲ. ಅಂದು ಅತ್ತೆ.

ಮಹಾದೇವ ಅಂದು ಕಟ್ಟೆಗೆ ಬಂದಿರಲಿಲ್ಲ. ಯಾರನ್ನಾದರೂ ಕಳಿಸಿ ಹೇಳೋಣ ಎಂದೆ. ಬೇಡ, ನಾವೇ ಹೋಗೋಣ ಎಂದರು ಅಣ್ಣಾಸಾಹೇಬರು. ಅವರು ಊಟಕ್ಕೆ ಹೊರಡುವ ಹೊತ್ತಾಗಿತ್ತು. ಅದನ್ನು ನೆನಪಿಸಿದೆ, ಕೇಳಲಿಲ್ಲ. ಕಾರಿನಲ್ಲಿ ಸ್ವಲ್ಪ ದೂರ ಹೋದ ಮೇಲೆ ತಾವಾಗಿಯೇ ಮಾತು ತೆಗೆದರು.

"ಜಗತ್ತಿಗೆಲ್ಲಾ ಕ್ಷಮಾ ಕೇಳಿ ಕಳಿಸೇನಿ. ಇವಗ ಕೇಳಿಲ್ಲ. ನನ್ನ ಸಲುವಾಗಿ ಇಷ್ಟ್ ದಿವಸ ಅಂವ ಕಟ್ಟಿಮ್ಯಾಲ ಕುಂತಾನ."

ಶೆಡ್ಡಿನ ಒಳಗೆ ನಾಲ್ಕೂ ಮಗ್ಗ ನಡೆದಿದ್ದವು. ಆ ಸದ್ದಿನಲ್ಲಿ ಪಕ್ಕದವರ ಮಾತು ಪಕ್ಕದವರಿಗೆ ಕೇಳುವುದಿಲ್ಲ. ನಮ್ಮನ್ನು ಕಂಡ ಮಹಾದೇವನ ಮುಖ ಬಿಳುಚಿತು. ನಾನು ಕೈಯೆತ್ತಿ, ಮಾಲು ಪಾಸಾಯಿತು ಎಂದು ಸನ್ನೆ ಮಾಡಿದೆ. ಅವನು ಮಗ್ಗದ ಚೌಕಟ್ಟು ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡ. ಅಣ್ಣಾಸಾಹೇಬರು ಅವನೆದುರು ಹೋಗಿ ಕೈ ಮುಗಿದು ಏನೋ ಹೇಳಿದರು. ತುಟಿ ಅಲ್ಲಾಡಿದ್ದು ಕಂಡಿತು ಅಷ್ಟೇ. ಮಗ್ಗ ನಿಲ್ಲಿಸು ಎಂದು ನಾನು ಮಹಾದೇವನ ಕಿವಿಯ ಹತ್ತಿರ ಕೂಗಿದೆ.

"ನಿಂತ್ರ ಪಟ್ಟಿ ಬೀಳತೈತ್ರಿ ಅಕ್ಕಾರ," ಎಂದು ಅವನೂ ನನ್ನ ಕಿವಿಯ ಹತ್ತಿರ ಕೂಗಿದ. ಆಮೇಲೆ ಅಣ್ಣಾಸಾಹೇಬರ ಕಡೆ ತಿರುಗಿ ದೊಡ್ಡ ದನಿಯಲ್ಲಿ, "ಮಗ್ಗ ನಡದಾಗನ ಹೇಳ್ರಿ ಮಾಲಕ್ರ, ಜರಾ ಜೋರ್ ಹೇಳ್ರಿ" ಎಂದ.

ಅಷ್ಟು ವರ್ಷದಲ್ಲಿ ಅವರು ದನಿ ಏರಿಸಿದ್ದನ್ನು ನಾನು ಕೇಳಿರಲಿಲ್ಲ. ಕೈ ಮುಗಿದೇ ಇದ್ದರು. ಉಸಿರು ಎಳೆದುಕೊಂಡು, ಕತ್ತಿನ ನರ ಉಬ್ಬುವಂತೆ, ನಾಲ್ಕು ಮಗ್ಗಗಳ ಮೇಲಿಂದ ಕೂಗಿ ಕ್ಷಮೆ ಕೇಳಿದರು. ಆಚೆ ಮೂಲೆಯಲ್ಲಿ ನೂಲು ಸುತ್ತುತ್ತಿದ್ದ ಮಹಾದೇವನ ಹೆಂಡತಿ ತಲೆ ಎತ್ತಿ ನೋಡಿದಳು.

"ಈಗ ಕೇಳಿಸ್ತ್ರಿ," ಎಂದ ಮಹಾದೇವ.